ಲಗ್ನಪತ್ರಿಕೆಯೂ ಗೃಹಮುದ್ರಣಯಂತ್ರವೂ

ವಿವಾಹವು ಗೃಹಸ್ಥಾಶ್ರಮಕ್ಕೆ ಮಹಾದ್ವಾರವಾದರೆ, ಆ ದ್ವಾರಕ್ಕೆ ಕಟ್ಟುವ ಮೊದಲನೆಯ ತೋರಣವೇ ಲಗ್ನಪತ್ರಿಕೆಯೆನ್ನಬಹುದು. ಚಪ್ಪರ, ವಾದ್ಯ, ಭೋಜನ ಇವೆಲ್ಲವೂ ಮದುವೆಯ ದಿನ ಮಾತ್ರ ಕಾಣತಕ್ಕವುಗಳು. ಪತ್ರಿಕೆಯಾದರೋ ಅದಕ್ಕೆ ಎಷ್ಟೋ ದಿನ ಮುಂಚಿತವಾಗಿಯೇ ಬಂಧುಗಳ ಮನೆಯನ್ನು ಹೊಕ್ಕು, ಮನೆತನದ ಪರವಾಗಿ ಮಾತನಾಡುವುದು. ಅದರಲ್ಲಿ ಅಜ್ಜನ ಹೆಸರಿನ ಒಂದಕ್ಷರ ಕೆಟ್ಟರೂ, ಸೋದರಮಾವನ ಹೆಸರು ಬಿಟ್ಟುಹೋದರೂ ಹುಟ್ಟುವ ಮನಸ್ತಾಪವು ಎಷ್ಟು ಕಾಲ ನಿಲ್ಲುವುದೆಂಬುದನ್ನು ಸಂಸಾರವಂತರಾದ ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ಈಚೆಗೆ ಈ ಪತ್ರಿಕೆಯನ್ನು ಮನೆಯಲ್ಲಿಯೇ ಅಚ್ಚುಮಾಡಿಕೊಳ್ಳುವ ಅಪೇಕ್ಷೆಯು ಅನೇಕರಲ್ಲಿ ಕಾಣುತ್ತಿದೆ. ದೂರದವರಿಗೆ ಫೋನಿನ ಮೂಲಕವೇ ಆಮಂತ್ರಣವನ್ನು ಕಳುಹಿಸಿ, ಅರಿಶಿನ ಕುಂಕುಮಗಳೊಡನೆ ಸ್ವತಃ ಹೋಗಿ ಕರೆಯಬೇಕಾದ ಐವತ್ತು ಅರುವತ್ತು ಮನೆಗಳಿಗೆ ಮಾತ್ರ ದಪ್ಪ ಕಾಗದದ ಪತ್ರಿಕೆಯನ್ನು ಕೊಡುವವರಿದ್ದಾರೆ. ಇಷ್ಟು ಸ್ವಲ್ಪ ಸಂಖ್ಯೆಗೆ ಅಚ್ಚುಕೂಟಕ್ಕೆ ಅಲೆಯುವುದೇಕೆ, ಮನೆಗೊಂದು ಪ್ರಿಂಟರನ್ನೇ ತಂದರಾಗದೆ ಎಂದು ಅವರು ಯೋಚಿಸುವುದು ಸಹಜವೇ. ಆದರೆ ಬಹುಜನರು ಮೊದಲು ಯಂತ್ರವನ್ನು ಕೊಂಡು, ಅನಂತರ ಕಾಗದವನ್ನು ಹುಡುಕುವರು. ಈ ಕ್ರಮವು ತಲೆಕೆಳಗಾದುದು. ಕಾಲನ್ನು ಅಳೆದು ಪಾದರಕ್ಷೆಯನ್ನು ಹೊಲಿಸಬೇಕಲ್ಲದೆ, ಪಾದರಕ್ಷೆಗೆ ತಕ್ಕಂತೆ ಕಾಲನ್ನು ಮಾಡಿಕೊಳ್ಳಲಾಗದು. ಹಾಗೆಯೇ, ಮೊದಲು ಕಾಗದವು ಇಂಥದೆಂದು ನಿಶ್ಚಯವಾಗತಕ್ಕದ್ದು. ಯಂತ್ರದ ಮಾತು ಆಮೇಲೆ.

ಕಾಗದದ ದಪ್ಪವನ್ನು ಅಂಗಡಿಯವರು ‘ಜಿ.ಎಸ್.ಎಂ.’ ಎಂಬ ಲೆಕ್ಕದಿಂದ ಹೇಳುವರು. ಒಂದು ಚದರ ಮೀಟರು ಕಾಗದವು ಎಷ್ಟು ಗ್ರಾಂ ತೂಗುವುದೋ ಅದೇ ಈ ಸಂಖ್ಯೆ. ನಮ್ಮ ಕಚೇರಿಗಳಲ್ಲಿ ಬಳಸುವ ಸಾಮಾನ್ಯ ಹಾಳೆಯು ೭೦ ಅಥವಾ ೮೦. ಲಗ್ನಪತ್ರಿಕೆಯ ಒಳ್ಳೆಯ ಕಾರ್ಡು ೨೫೦ರಿಂದ ೩೦೦ರವರೆಗೆ ಇರುವುದು. ಅಂಗಡಿಯವನ ಮಾತನ್ನು ಪರೀಕ್ಷಿಸುವ ಸುಲಭೋಪಾಯವೊಂದುಂಟು. ‘ಎ-೪’ ಎಂಬ ಅಳತೆಯ ೧೬ ಹಾಳೆಗಳು ಸೇರಿದರೆ ಬಹುಮಟ್ಟಿಗೆ ಸರಿಯಾಗಿ ಒಂದು ಚದರ ಮೀಟರಾಗುವುದು. ಆದುದರಿಂದ ಹದಿನಾರು ಹಾಳೆಗಳನ್ನು ಅಡಿಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದರೆ, ಬಂದ ಗ್ರಾಂಗಳ ಸಂಖ್ಯೆಯೇ ಆ ಕಾಗದದ ಜಿ.ಎಸ್.ಎಂ. ಸಂಖ್ಯೆ. ಮುನ್ನೂರರ ಕಾರ್ಡೆಂದು ಕೊಂಡದ್ದು ಇನ್ನೂರ ಇಪ್ಪತ್ತು ತೂಗಿದರೆ ವ್ಯಾಪಾರದ ಗುಟ್ಟು ಅಲ್ಲಿಯೇ ತಿಳಿದುಬರುವುದು.

ಇನ್ನು ಯಂತ್ರ. ಇದರಲ್ಲಿ ಮೊದಲು ನೋಡತಕ್ಕದ್ದು ಬೆಲೆಯೂ ಅಲ್ಲ, ವೇಗವೂ ಅಲ್ಲ. ಕಾಗದವು ಒಳಗೆ ನಡೆಯುವ ಹಾದಿ. ಕೆಲವು ಯಂತ್ರಗಳಲ್ಲಿ ಹಾಳೆಗಳನ್ನು ಮುಂಭಾಗದ ಕೆಳಗಣ ಟ್ರೇಯಲ್ಲಿ ಇಡುವರು. ಅಲ್ಲಿಂದ ಹೊರಟ ಹಾಳೆಯು ಹಿಂದಕ್ಕೆ ಹೋಗಿ, ಉರುಳೆಯನ್ನು ಸುತ್ತಿ, ಮತ್ತೆ ಮುಂದಕ್ಕೆ ಬರಬೇಕು. ತೆಳ್ಳನೆಯ ಹಾಳೆಗೆ ಇದು ಲೀಲಾಮಾತ್ರ. ದಪ್ಪ ಕಾರ್ಡಾದರೋ ಆ ತಿರುವಿನಲ್ಲಿ ಬಗ್ಗದೆ ಸಿಕ್ಕಿಕೊಳ್ಳುವುದು, ಅಥವಾ ಬಗ್ಗಿದರೆ ಹಪ್ಪಳದಂತೆ ಸುರುಳಿಗೊಂಡೇ ಹೊರಕ್ಕೆ ಬರುವುದು. ಹಿಂಭಾಗದಿಂದ ಹಾಳೆಯನ್ನು ಕೊಟ್ಟು ಮುಂಭಾಗದಲ್ಲಿ ತೆಗೆದುಕೊಳ್ಳುವ, ಬಹುಮಟ್ಟಿಗೆ ನೇರವಾದ ಹಾದಿಯುಳ್ಳ ಯಂತ್ರವೇ ಈ ಕೆಲಸಕ್ಕೆ ಯೋಗ್ಯವಾದುದು. ಎರಡು ಮಗ್ಗುಲನ್ನೂ ತಾನೇ ಅಚ್ಚುಮಾಡುವ ಅನುಕೂಲವನ್ನು ಮಾರುವವರು ಬಹಳವಾಗಿ ಹೊಗಳುವರು. ಆದರೆ ಅದಕ್ಕೂ ಹಾಳೆಯು ಒಳಗೆ ತಿರುಗಬೇಕಾದುದರಿಂದ, ದಪ್ಪ ಕಾರ್ಡಿಗೆ ಆ ಅನುಕೂಲವು ಸಾಮಾನ್ಯವಾಗಿ ಒದಗುವುದಿಲ್ಲ. ಎರಡನೆಯ ಮಗ್ಗುಲಿಗೆ ಒಂದೊಂದೇ ಕಾರ್ಡನ್ನು ಕೈಯಿಂದಲೇ ಹಾಕಬೇಕು.

ನಮ್ಮ ಪರಿಚಯದ ಒಂದು ಮನೆಯಲ್ಲಿ ಮಗಳ ಮದುವೆಗೆ ಮೂರು ವಾರವಿರುವಾಗ, ಬೆಲೆ ಕಡಮೆಯೆಂಬ ಒಂದೇ ಕಾರಣದಿಂದ ಕೆಳಗಿನ ಟ್ರೇಯ ಯಂತ್ರವನ್ನು ತಂದರು. ಅಷ್ಟರಲ್ಲಿ ಮುನ್ನೂರರ ತೂಕದ ಕಾರ್ಡೂ ಬಂದಿತ್ತು. ಯಂತ್ರವು ಎರಡು ಕಾರ್ಡುಗಳನ್ನು ಹೇಗೋ ನುಂಗಿ, ಮೂರನೆಯದನ್ನು ಹಿಡಿದುಕೊಂಡು ನಿಂತುಬಿಟ್ಟಿತು. ಕಡೆಗೆ ಅಚ್ಚುಕೂಟಕ್ಕೇ ಹೋಗಬೇಕಾಯಿತು. ಯಂತ್ರದ ಹಣವೊಂದು, ಅಚ್ಚಿನ ಹಣವೊಂದು; ಇವೆರಡಕ್ಕಿಂತಲೂ, ಮುಹೂರ್ತವು ಸಮೀಪಿಸುತ್ತಿರುವಾಗ ಕಳೆದುಹೋದ ನಾಲ್ಕು ದಿನಗಳು ಆ ತಾಯಿತಂದೆಗಳಿಗೆ ಹೆಚ್ಚು ದುಬಾರಿಯಾದುವು.

ಯಂತ್ರದ ವಿವರಣಪತ್ರದಲ್ಲಿ ಅದು ಹೊರಬಲ್ಲ ಕಾಗದದ ತೂಕವು ಬರೆದಿರುವುದು. ಅದನ್ನು ಎಚ್ಚರದಿಂದ ಓದತಕ್ಕದ್ದು. ಅನೇಕ ಯಂತ್ರಗಳಿಗೆ ಎರಡು ಸಂಖ್ಯೆಗಳಿರುತ್ತವೆ: ಸಾಮಾನ್ಯ ಕಾಗದಕ್ಕೆ ಚಿಕ್ಕದೊಂದು, ತಯಾರಕರದೇ ಆದ ಫೋಟೋ ಕಾಗದಕ್ಕೆ ದೊಡ್ಡದೊಂದು. ದೊಡ್ಡ ಸಂಖ್ಯೆಯನ್ನು ಕಂಡು, ಎಲ್ಲ ಕಾರ್ಡಿಗೂ ಅದೇ ಅನ್ವಯಿಸುವುದೆಂದು ಭಾವಿಸಬಾರದು. ಮನೆಗಳಲ್ಲಿ ಬಳಸುವ ಲೇಸರ್ ಯಂತ್ರಗಳಲ್ಲಿ ಅನೇಕಕ್ಕೆ ೧೬೩ ಜಿ.ಎಸ್.ಎಂ. ಎಂಬುದೇ ಮೇಲ್ಮಿತಿ.

ಲೇಸರ್, ಇಂಕ್‌ಜೆಟ್ ಎಂಬ ಎರಡು ಜಾತಿಗಳ ತಾರತಮ್ಯವನ್ನು ಈಗ ವಿಚಾರಿಸೋಣ. ಲೇಸರ್ ಯಂತ್ರದಲ್ಲಿ ಟೋನರ್ ಎಂಬ ಒಣ ಪುಡಿಯು ಕಾಗದದ ಮೇಲೆ ಕುಳಿತು, ಕಾದ ಉರುಳೆಯ ಶಾಖದಿಂದ ಕರಗಿ ಅಂಟಿಕೊಳ್ಳುವುದು. ಅಕ್ಷರವು ತೀಕ್ಷ್ಣವಾಗಿರುವುದು, ನೀರು ಬಿದ್ದರೂ ಹರಡದು. ಆದರೆ ಪುಡಿಯು ಮೇಲ್ಮೈಯಲ್ಲಿಯೇ ನಿಲ್ಲುವುದರಿಂದ ಕಾರ್ಡನ್ನು ಮಡಿಸಿದ ಗೆರೆಯಲ್ಲಿ ಬಣ್ಣವು ಬಿರಿಯುವುದುಂಟು. ಉಬ್ಬುತಗ್ಗಿನ ಕಾಗದದಲ್ಲಿ ತಗ್ಗುಗಳು ಬಿಳಿಯಾಗಿ ಉಳಿಯುವುದುಂಟು. ಚಿನ್ನದ ಹಾಳೆಯಿಂದ ಗಣಪತಿಯನ್ನು ಒತ್ತಿರುವ ಸಿದ್ಧಕಾರ್ಡುಗಳನ್ನು ಆ ಶಾಖಕ್ಕೆ ಒಡ್ಡಲೇಬಾರದು. ಇಂಕ್‌ಜೆಟ್ಟಿನಲ್ಲಿ ಶಾಯಿಯ ಸೂಕ್ಷ್ಮ ಬಿಂದುಗಳು ಸಿಡಿದು ಕಾಗದದಲ್ಲಿ ಹೀರಿಕೊಳ್ಳುವುವು. ಶಾಖದ ಭಯವಿಲ್ಲ, ಮಡಿಕೆಯ ಭಯವೂ ಇಲ್ಲ; ನೇರ ಹಾದಿಯ ಯಂತ್ರಗಳೂ ಈ ಜಾತಿಯಲ್ಲಿಯೇ ಸುಲಭವಾಗಿ ಸಿಕ್ಕುವುವು. ಆದರೆ ನಯವಾಗಿ ಹೊಳೆಯುವ ಕಾರ್ಡು ಇಂಕ್‌ಜೆಟ್ಟಿಗೆಂದೇ ತಯಾರಾದುದಲ್ಲದಿದ್ದರೆ ಶಾಯಿಯು ಒಣಗದೆ ಬೆರಳಿಗೆ ಅಂಟುವುದು.

ಇಲ್ಲಿ ನಮ್ಮವರು ಮರೆಯಬಾರದ ಸಂಗತಿಯೊಂದಿದೆ. ಲಗ್ನಪತ್ರಿಕೆಯ ನಾಲ್ಕು ಮೂಲೆಗಳಿಗೂ ಅರಿಶಿನವನ್ನು ನೀರಿನಲ್ಲಿ ಕಲಸಿ ಹಚ್ಚುವ ಪದ್ಧತಿಯು ನಮ್ಮಲ್ಲಿ ಬಹು ಮನೆಗಳಲ್ಲಿ ಇದೆಯಷ್ಟೆ. ಇಂಕ್‌ಜೆಟ್ಟಿನ ಶಾಯಿಯಲ್ಲಿ ‘ಡೈ’ ಎಂಬುದು ನೀರಿನಲ್ಲಿ ಕರಗುವ ಬಣ್ಣ. ‘ಪಿಗ್‌ಮೆಂಟ್’ ಎಂಬುದು ಕರಗದೆ ಕಣಗಳಾಗಿಯೇ ನಿಲ್ಲುವ ಬಣ್ಣ. ಕೆಲವು ಯಂತ್ರಗಳಲ್ಲಿ ಕಪ್ಪು ಮಾತ್ರ ಪಿಗ್‌ಮೆಂಟ್ ಆಗಿದ್ದು, ಉಳಿದ ಬಣ್ಣಗಳೆಲ್ಲ ಡೈ ಆಗಿರುವುವು. ಮತ್ತೆ ಕೆಲವದರಲ್ಲಿ ಎಲ್ಲವೂ ಡೈ. ಸಾಧಾರಣ ಕಾರ್ಡಿನ ಮೇಲೆ ಡೈ ಶಾಯಿಯಿಂದ ಅಚ್ಚಾದ ಕುಂಕುಮವರ್ಣದ ಅಂಚಿಗೆ ತೇವದ ಅರಿಶಿನ ತಾಗಿತೆಂದರೆ ಮಂಗಳಚಿಹ್ನೆಯೇ ಕಲೆಯಾಗಿ ಹರಡುವುದು. ಆದುದರಿಂದ ಮೂಲೆಗಳಲ್ಲಿ ಒಂದಂಗುಲವನ್ನು ಖಾಲಿಯಾಗಿ ಬಿಡುವುದು ಲೇಸು.

ಬಣ್ಣದ ವಿಷಯದಲ್ಲಿ ಮತ್ತೊಂದು ಮಾತು. ಸಾಮಾನ್ಯ ಗೃಹಯಂತ್ರದಲ್ಲಿ ಚಿನ್ನದ ಶಾಯಿಯೂ ಇಲ್ಲ, ಬಿಳಿಯ ಶಾಯಿಯೂ ಇಲ್ಲ. ಕಡುಗೆಂಪು ಕಾಗದದ ಮೇಲೆ ಹೊನ್ನಿನ ಅಕ್ಷರವನ್ನು ಬಯಸುವವರು ಅಚ್ಚುಕೂಟವನ್ನೇ ಆಶ್ರಯಿಸಬೇಕು. ಮನೆಯ ಕೆಲಸಕ್ಕೆ ಬಿಳಿ ಅಥವಾ ಕೆನೆಬಣ್ಣದ ಕಾಗದವೇ ಸರಿ.

ಕನ್ನಡ ಲಿಪಿಗೂ ಒಂದು ಪರೀಕ್ಷೆಯುಂಟು. ನಮ್ಮ ಅಕ್ಷರಗಳ ಕೆಳಗೆ ಒತ್ತುಗಳಿವೆ, ಮಹಾಪ್ರಾಣಗಳಿಗೆ ಹೊಟ್ಟೆಸೀಳುಗಳಿವೆ. ಒರಟು ಕಾಗದದಲ್ಲಿ ಶಾಯಿ ಹರಡಿ ಧಕಾರದ ಸೀಳು ಮುಚ್ಚಿಹೋದರೆ ‘ವಧು’ವು ‘ವದು’ವಾಗುವಳು! ‘ಜ್ಯೇಷ್ಠ’, ‘ಮುಹೂರ್ತ’, ‘ವಧೂವರ’ ಎಂಬ ಮೂರು ಶಬ್ದಗಳನ್ನು ಪತ್ರಿಕೆಯಲ್ಲಿರುವ ಅತಿ ಚಿಕ್ಕ ಗಾತ್ರದಲ್ಲಿಯೇ ಅಚ್ಚುಮಾಡಿ ನೋಡಿದರೆ, ಯಂತ್ರ ಕಾಗದಗಳೆರಡರ ಯೋಗ್ಯತೆಯೂ ತಿಳಿಯುವುದು. ಬರಹವನ್ನು ಹಳೆಯ ನುಡಿ ಅಕ್ಷರದಲ್ಲಿ ಸಿದ್ಧಪಡಿಸಿದ್ದು, ಅದನ್ನು ಆ ಅಕ್ಷರಗಳಿಲ್ಲದ ಬೇರೆಯ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೊಂದಲವು ಕಾಣುವುದು. ಯೂನಿಕೋಡಿನಲ್ಲಿ ಬರೆದು, ಅಕ್ಷರರೂಪಗಳು ಒಳಗೇ ಸೇರಿರುವ ಪಿ.ಡಿ.ಎಫ್. ಮಾಡಿಕೊಂಡರೆ ಈ ಕಷ್ಟವಿಲ್ಲ.

ಸ್ಥಾಲೀಪುಲಾಕನ್ಯಾಯವನ್ನು ವಾಚಕರು ಬಲ್ಲರು. ಪಾತ್ರೆಯಲ್ಲಿನ ಒಂದಗುಳನ್ನು ಹಿಸುಕಿ ಅನ್ನ ಬೆಂದಿತೋ ಇಲ್ಲವೋ ತಿಳಿಯುವಂತೆ, ನಿಶ್ಚಯಿಸಿದ ಕಾಗದದ ನಾಲ್ಕಾರು ಹಾಳೆಗಳನ್ನು ಜೊತೆಯಲ್ಲಿ ಕೊಂಡುಹೋಗಿ ಅಂಗಡಿಯಲ್ಲಿಯೇ ಅಚ್ಚುಮಾಡಿಸಿ ನೋಡತಕ್ಕದ್ದು. ಒಂದರ ಹಿಂದೊಂದು ಮೂರು ಕಾರ್ಡುಗಳು ಓರೆಯಾಗದೆ ಬರಬೇಕು. ಒಂದನ್ನು ಹತ್ತು ನಿಮಿಷ ಬಿಟ್ಟು ಒದ್ದೆಬೆರಳಿನಿಂದ ಉಜ್ಜಬೇಕು, ಒಂದನ್ನು ಮಡಿಸಬೇಕು. ಮಡಿಸುವ ಮುನ್ನ ಅಳತೆಪಟ್ಟಿಯನ್ನಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಗೆರೆಯೊತ್ತಿಕೊಂಡರೆ ಮಡಿಕೆಯು ಅಂದವಾಗುವುದು. ಇಷ್ಟಕ್ಕೆ ಅವಕಾಶ ಕೊಡದ ಅಂಗಡಿಯಲ್ಲಿ ವ್ಯಾಪಾರ ಬೇಡ.

ಕೊನೆಯದಾಗಿ ವ್ಯಯದ ವಿಚಾರ. ಯಂತ್ರದ ಬೆಲೆ, ಶಾಯಿ, ಕಾಗದ, ಕೆಡುವ ಹಾಳೆಗಳಿಗಾಗಿ ನೂರಕ್ಕೆ ಹತ್ತು, ಇವೆಲ್ಲವನ್ನೂ ಕೂಡಿಸಿ ಪತ್ರಿಕೆಗಳ ಸಂಖ್ಯೆಯಿಂದ ಭಾಗಿಸಬೇಕು. ಐನೂರು ಪತ್ರಿಕೆ ಬೇಕಾದವರು ಬೆಂಗಳೂರಿನ ಚಿಕ್ಕಪೇಟೆಯ ಕಡೆಗೋ ತಮ್ಮೂರಿನ ಅಚ್ಚುಕೂಟಕ್ಕೋ ಹೋಗುವುದೇ ಉಚಿತ. ಒಂದೊಂದೇ ಕಾರ್ಡನ್ನು ಕೈಯಿಂದ ಉಣಿಸುತ್ತ ಐನೂರು ಮಾಡುವುದು ಮದುವೆಯ ಮನೆಯವರಿಗೆ ತಕ್ಕ ಕೆಲಸವಲ್ಲ. ಐವತ್ತೋ ನೂರೋ ಸಾಕೆನ್ನುವವರೂ, ಮದುವೆಯ ಮರುದಿನದಿಂದ ಆ ಯಂತ್ರಕ್ಕೆ ಕೆಲಸವೇನೆಂದು ಕೇಳಿಕೊಳ್ಳಬೇಕು. ಮಕ್ಕಳ ಪಾಠಕ್ಕೋ ಮನೆಯ ಕಾಗದಪತ್ರಗಳಿಗೋ ನಡೆಯುತ್ತಿದ್ದರೆ ಸರಿ; ಬಟ್ಟೆ ಹೊದ್ದು ತಿಂಗಳುಗಟ್ಟಲೆ ಕುಳಿತರೆ ಇಂಕ್‌ಜೆಟ್ಟಿನ ಸೂಕ್ಷ್ಮರಂಧ್ರಗಳಲ್ಲಿ ಶಾಯಿ ಒಣಗಿ ಯಂತ್ರವು ಕೆಡುವುದು.

ಹೀಗೆಂದ ಮಾತ್ರಕ್ಕೆ ಗೃಹಮುದ್ರಣವು ನಿಷ್ಫಲವೆಂದು ನಮ್ಮ ಅಭಿಪ್ರಾಯವಲ್ಲ. ಅದರ ನಿಜವಾದ ಲಾಭವು ಹಣದಲ್ಲಿಲ್ಲ, ತಿದ್ದುವ ಸ್ವಾತಂತ್ರ್ಯದಲ್ಲಿದೆ. ಅಚ್ಚುಕೂಟದಿಂದ ಬಂದ ಐನೂರರಲ್ಲಿ ಒಂದು ತಪ್ಪು ಕಂಡರೆ ಅದು ಐನೂರು ಮನೆಗಳಿಗೂ ಹೋಗುವುದು. ಮನೆಯ ಯಂತ್ರದಲ್ಲಿ ಮೊದಲನೆಯ ಪ್ರತಿಯನ್ನು ತೆಗೆದು, ಮನೆಯ ಹಿರಿಯಳ ಕೈಗೆ ಕೊಟ್ಟು ಓದಿಸಬಹುದು. ವಂಶದ ಹೆಸರುಗಳೆಲ್ಲ ಆಕೆಯ ನಾಲಗೆಯ ಮೇಲಿರುವುವು. ಬಿಟ್ಟುಹೋದವರನ್ನು ಆಕೆ ಕೂಡಲೆ ಹೇಳುವಳು. ಆಕೆ ಒಪ್ಪಿದ ಮೇಲೆ ಎರಡನೆಯ ಪ್ರತಿಯನ್ನು ತೆಗೆಯಲಿ. ಅದಕ್ಕೆ ಮೂಲೆಗಳಲ್ಲಿ ಅರಿಶಿನವನ್ನು ಹಚ್ಚಿ, ಕುಲದೇವರ ಮುಂದಿಟ್ಟು, ಅನಂತರ ಉಳಿದ ಕೆಲಸವನ್ನು ನಡೆಸುವುದು ಶ್ರೇಯಸ್ಕರವು.