ಮೋಲ್ಡಿಂಗಿಗೆ ಮೊದಲೇ ಭೋಗ್ಯ

ಬೆಂಗಳೂರಿನ ಲಗ್ಗೆರೆಯ ಅಡ್ಡರಸ್ತೆಗಳಲ್ಲಿ ತಲೆಯೆತ್ತಿ ನಡೆದರೆ ಮೊದಲು ಕಣ್ಣಿಗೆ ಬೀಳುವುದು ಕಂಬಿಗಳು. ಮೇಲಿನ ಮಹಡಿಯ ಪಿಲ್ಲರುಗಳ ನೆತ್ತಿಯಲ್ಲಿ ತುಕ್ಕು ಹಿಡಿದು ನಿಂತಿರುತ್ತವೆ. ದುಡ್ಡು ಕೂಡಿದ ದಿನ ಇನ್ನೊಂದು ಅಂತಸ್ತು ಏಳಬೇಕು. ಕೆಳಗೆ ಸಾಲಾಗಿ ಐದಾರು ಕರೆಂಟ್ ಮೀಟರು, ಗೇಟಿಗೆ ತಂತಿಯಲ್ಲಿ ಬಿಗಿದ ಬೋರ್ಡು: 'ಮನೆ ಭೋಗ್ಯಕ್ಕಿದೆ'.

ಪೀಣ್ಯದ ಕಾರ್ಖಾನೆಗಳು, ಗಾರ್ಮೆಂಟ್ಸ್‌ಗಳು ಪಕ್ಕದಲ್ಲೇ ಇರುವುದರಿಂದ ಇಲ್ಲಿ ಬಾಡಿಗೆಗೆ ಬರುವವರಿಗೆ ಬರವಿಲ್ಲ. ಕಷ್ಟವೆಲ್ಲ ಕಟ್ಟುವ ದುಡ್ಡಿನದು. ಅನುಮೋದನೆಯಿಲ್ಲದ ರೆವಿನ್ಯೂ ಸೈಟು, ಸಕ್ರಮವಲ್ಲದ ಸ್ವತ್ತಿನ ಬಿ ಖಾತಾ ಎಂದರೆ ಸಾಕು, ದೊಡ್ಡ ಬ್ಯಾಂಕುಗಳು ಫೈಲು ಮಡಚಿಡುತ್ತವೆ. ಇಂಥ ಕಟ್ಟಡಗಳನ್ನು ಸಕ್ರಮಗೊಳಿಸುವ ಅಕ್ರಮ-ಸಕ್ರಮ ಯೋಜನೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆಗೆ ಸಿಕ್ಕಿತು. 2024ರ ಡಿಸೆಂಬರಿನಲ್ಲಿ ಅದೇ ಕೋರ್ಟು, ಓ.ಸಿ. (ಸ್ವಾಧೀನಾನುಭವ ಪ್ರಮಾಣಪತ್ರ) ನೋಡದೆ ಕಟ್ಟಡದ ಮೇಲೆ ಸಾಲ ಕೊಡಬೇಡಿ ಎಂದಿತು. ಬಿ ಖಾತೆಯನ್ನು ಎ ಮಾಡಿಸಿಕೊಳ್ಳಲು ಸರ್ಕಾರ 2025ರಲ್ಲಿ ದಾರಿ ತೆರೆಯಿತು, ಸರಿ. ಅದಕ್ಕೂ ಮೊದಲು ದುಡ್ಡೇ ಕಟ್ಟಬೇಕು. ಹೀಗಾಗಿ ಒಡವೆ, ಚೀಟಿ, ಕೈಸಾಲ. ಅವೂ ಸಾಲದಾದಾಗ ಭೋಗ್ಯ.

ಭೋಗ್ಯದಲ್ಲಿ ಬಾಡಿಗೆದಾರನೇ ಬ್ಯಾಂಕು. 8 ಲಕ್ಷ ಕೊಟ್ಟವನು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಹೊರಡುವಾಗ ಅಷ್ಟನ್ನೂ ವಾಪಸು ಒಯ್ಯುತ್ತಾನೆ ಎಂದಿಟ್ಟುಕೊಳ್ಳಿ. 'ಬಡ್ಡಿಯಿಲ್ಲದ ಸಾಲ' ಎಂದು ಓನರುಗಳು ಬೀಗುವುದುಂಟು. ಅದೇ ಮನೆಗೆ ತಿಂಗಳಿಗೆ 9,000 ಬಾಡಿಗೆ ಬರುವಂತಿದ್ದರೆ ಕೈಬಿಟ್ಟದ್ದು ವರ್ಷಕ್ಕೆ 1,08,000, ಅಂದರೆ ಶೇ. 13.5. ಗೃಹಸಾಲಕ್ಕಿಂತ ದುಬಾರಿ! ಆದರೆ ತಿಂಗಳ ಕಂತಿಲ್ಲ, ಓ.ಸಿ. ಕೇಳುವವರಿಲ್ಲ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಭೋಗ್ಯ ಒಂದು ಅಡಮಾನ. ಮೊತ್ತ 100 ರೂಪಾಯಿ ಮುಟ್ಟಿದರೂ ನೋಂದಣಿ ಬೇಕು. ನಡೆಯುವುದು ಮಾತ್ರ 11 ತಿಂಗಳ ಛಾಪಾಕಾಗದದ ಕರಾರು. ಅವಧಿ ಮುಗಿದಾಗ ಹಳಬನಿಗೆ ವಾಪಸು ಕೊಡುವ ದುಡ್ಡು ಹೊಸಬನಿಂದಲೇ ಬರಬೇಕು. ಹೊಸಬ ಬರದಿದ್ದರೆ ಕಥೆ ಮುಗಿಯಿತು. ಇಂಥದ್ದೇ 'ಜೊನ್ಸೆ' ಪದ್ಧತಿಯಿರುವ ದಕ್ಷಿಣ ಕೊರಿಯಾದಲ್ಲಿ 2022-23ರಲ್ಲಿ ಮನೆ ಬೆಲೆ ಇಳಿದಾಗ ಎಷ್ಟೋ ಬಾಡಿಗೆದಾರರ ಗಂಟು ಹೀಗೇ ಸಿಕ್ಕಿಕೊಂಡಿತು. ಓನರು ಅದೇ ಕಟ್ಟಡವನ್ನು ಫೈನಾನ್ಸಿನವರಿಗೂ ಬರೆದುಕೊಟ್ಟು ಕಂತು ತಪ್ಪಿಸಿದ್ದರಂತೂ, ನೋಂದಣಿಯಾಗದ ಕರಾರು ಹಿಡಿದವನ ಮಾತಿಗೆ ಬಲ ಕಡಿಮೆ. ಭೋಗ್ಯಕ್ಕೆ ಹೋಗುವವರು ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡುವುದೂ ಅಪರೂಪ.

ಮೊನ್ನೆ ಒಂದು ಕಟ್ಟಡದಲ್ಲಿ ಎರಡನೇ ಮಹಡಿಗೆ ಸೆಂಟ್ರಿಂಗ್ ಹೊಡೆಯುತ್ತಿದ್ದರು. ಮೋಲ್ಡಿಂಗಿನ ಸಿಮೆಂಟು ಬಂದದ್ದೇ ಭೋಗ್ಯದ ಅಡ್ವಾನ್ಸಿನಿಂದ. ಕೊಟ್ಟ ಹೆಂಗಸು ಮನೆ ನೋಡಲು ಬಂದಿದ್ದರು. ಗೋಡೆಯೇ ಎದ್ದಿರಲಿಲ್ಲ.

"ಅಡುಗೆಮನೆ ಎಲ್ಲಿ ಬರುತ್ತೆ ಅಣ್ಣಾ?"

ಮೇಸ್ತ್ರಿ ಕರಣೆಯೆತ್ತಿ ಗಾಳಿಯಲ್ಲೇ ಒಂದು ಗೆರೆ ಎಳೆದು ತೋರಿಸಿದ.