ಖಾಲಿ ಕಾಣುವ ರಸ್ತೆಯ ಲೆಕ್ಕ

ಹುಬ್ಬಳ್ಳಿ–ಧಾರವಾಡದಲ್ಲಿ ಓದುವ ಯಾರ ಮುಂದಾದರೂ ‘ಚಿಗರಿ’ ಅಂದು ನೋಡಿ, ತಕ್ಷಣ ಎರಡು ಪಾರ್ಟಿ ಆಗುತ್ತವೆ. ಬಸ್ ಹತ್ತುವವರದು ಒಂದು, ಬೈಕ್ ಓಡಿಸುವವರದು ಇನ್ನೊಂದು. ಬೈಕಿನವರ ದೂರು ಒಂದೇ: ‘ನಡುವಿನ ರಸ್ತೆ ಖಾಲಿ ಬಿದ್ದಿರತೈತಿ, ನಾವು ಬಾಜೂಕ ಜಾಮ್‌ನ್ಯಾಗ ನಿಂತಿರ್ತೀವಿ. ಅದನ್ನ ಎಲ್ಲಾರಿಗೂ ಬಿಟ್ಟುಬಿಡ್ರಿ.’

ನಾನು ಸಿವಿಲ್ ವಿದ್ಯಾರ್ಥಿ. ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಇದೇ ಬಸ್ಸಿನಲ್ಲಿ ಹೋಗಿಬರುತ್ತೇನೆ. ಹಾಗಾಗಿ ಈ ಜಗಳ ನನಗೆ ಬರೀ ಹರಟೆಯಲ್ಲ. ಆ ರಸ್ತೆ ನಿಜವಾಗಿಯೂ ಖಾಲಿಯೇ ಎಂದು ಲೆಕ್ಕ ಹಾಕಿ ನೋಡೋಣ.

ನಿಮಿಷಕ್ಕೊಂದು ಬಸ್, ಗಂಟೆಗೆ 40 ಕಿ.ಮೀ. ವೇಗ ಎಂದುಕೊಳ್ಳಿ. ಆಗ ಒಂದು ಬಸ್ಸಿಗೂ ಮುಂದಿನದಕ್ಕೂ ನಡುವೆ ಸುಮಾರು 670 ಮೀಟರ್ ಅಂತರ ಇರುತ್ತದೆ. ಪಕ್ಕದಲ್ಲಿ ನಿಂತು ನೋಡುವವರಿಗೆ ಹೆಚ್ಚೂಕಡಿಮೆ ಪೂರ್ತಿ ನಿಮಿಷ ಖಾಲಿ ಡಾಂಬರೇ ಕಾಣುತ್ತದೆ. ಆದರೆ ಬಸ್ಸಿಗೆ 70 ಜನರಂತೆ ಗಂಟೆಗೆ 4,200 ಜನ ಆ ಲೇನ್‌ನಲ್ಲಿ ದಾಟಿರುತ್ತಾರೆ. ಇಷ್ಟೇ ಜನ ಕಾರಿಗೆ ಇಬ್ಬರಂತೆ ಹೋದರೆ 2,100 ಕಾರು ಬೇಕು. ಸಿಗ್ನಲ್ ಇರುವ ಊರಿನ ಒಂದು ಲೇನ್ ಗಂಟೆಗೆ ಅಷ್ಟು ಕಾರುಗಳನ್ನು ದಾಟಿಸಲಾರದು.

ಈಗ ಲೆಕ್ಕವನ್ನು ತಿರುಗಿಸಿ. ಐದು ನಿಮಿಷಕ್ಕೊಂದು ಬಸ್ ಬಂದರೆ ಗಂಟೆಗೆ 840 ಜನ ಮಾತ್ರ. ಅಷ್ಟು ಜನರನ್ನು 420 ಕಾರುಗಳೂ ಸಾಗಿಸಬಲ್ಲವು. ಅಂದರೆ ಪ್ರತ್ಯೇಕ ಪಥವನ್ನು ಕಾಯುವುದು ಬೇಲಿಯಲ್ಲ, ಬಸ್ಸುಗಳ ಸಂಖ್ಯೆ. ಬಸ್ ಕಡಿಮೆಯಾದಷ್ಟೂ ಬೈಕಿನವರ ವಾದಕ್ಕೆ ಬಲ ಬರುತ್ತದೆ.

ದೆಹಲಿಯಲ್ಲಿ ಆಗಿದ್ದು

ದೆಹಲಿಯಲ್ಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿ.ಮೀ. ಬಿಆರ್‌ಟಿ ಶುರುವಾಯಿತು. ಅಲ್ಲಿ ಟಿಕೆಟ್ ಬಸ್ಸಿನೊಳಗೇ ಕೊಡುತ್ತಿದ್ದರು, ನಿಲ್ದಾಣಗಳು ಸಿಗ್ನಲ್ ಪಕ್ಕದಲ್ಲೇ ಇದ್ದವು. ಬಸ್ಸುಗಳು ಒಂದರ ಹಿಂದೊಂದು ಸಾಲುಗಟ್ಟಿದವು, ಪಕ್ಕದಲ್ಲಿ ಕಾರುಗಳೂ ಸಾಲುಗಟ್ಟಿದವು. ಲೇನ್ ತೆರೆಯಿರಿ ಎಂದು ಹೈಕೋರ್ಟ್‌ಗೆ ಹೋದವರಿಗೆ 2012ರಲ್ಲಿ ಸೋಲಾಯಿತು. ಆದರೂ 2015ರಲ್ಲಿ ಸರ್ಕಾರವೇ ಅದನ್ನು ತೆಗೆಯಲು ತೀರ್ಮಾನಿಸಿ, 2016ರಲ್ಲಿ ಒಡೆದುಹಾಕಿತು. ಕೋರ್ಟಿನಲ್ಲಿ ಗೆದ್ದ ಯೋಜನೆ ಜನರ ಕಣ್ಣಿನಲ್ಲಿ ಸೋತಿತ್ತು.

ನಮ್ಮ 22 ಕಿ.ಮೀ. ಕಾರಿಡಾರ್ ಈ ವಿಷಯದಲ್ಲಿ ಜಾಣತನದಿಂದ ಕಟ್ಟಿದ್ದು. ವಿಶ್ವಬ್ಯಾಂಕ್ ನೆರವಿನ ಈ ಯೋಜನೆಯ ಬಸ್ಸುಗಳು 2018ರಲ್ಲಿ ಪ್ರಾಯೋಗಿಕವಾಗಿ ಓಡಿದವು, ವಿಧ್ಯುಕ್ತ ಉದ್ಘಾಟನೆ 2020ರ ಫೆಬ್ರುವರಿಯಲ್ಲಿ ಆಯಿತು. ಟಿಕೆಟ್ ನಿಲ್ದಾಣದಲ್ಲೇ ಸಿಗುತ್ತದೆ. ಪ್ಲಾಟ್‌ಫಾರ್ಮ್ ಮತ್ತು ಬಸ್ಸಿನ ನೆಲ ಸಮಮಟ್ಟದಲ್ಲಿವೆ, ಮೆಟ್ಟಿಲು ಹತ್ತಬೇಕಿಲ್ಲ. ನಿಲ್ದಾಣಗಳ ಹತ್ತಿರ ಹಿಂದಿಕ್ಕಲು ಹೆಚ್ಚುವರಿ ಲೇನ್ ಇರುವುದರಿಂದ, ಎಲ್ಲ ಕಡೆ ನಿಲ್ಲುವ ಬಸ್ಸನ್ನು ವೇಗದ ಬಸ್ಸು ದಾಟಿ ಹೋಗಬಹುದು. ಪ್ರತಿ ನಿಲ್ದಾಣದಲ್ಲಿ 20 ಸೆಕೆಂಡ್ ಉಳಿದರೆ ಸಾಕು, 15 ನಿಲ್ದಾಣಕ್ಕೆ ಐದು ನಿಮಿಷ ಉಳಿಯಿತು. ಎಂಟೂವರೆಗೆ ಲ್ಯಾಬ್ ಇರುವವರಿಗೆ, ಹತ್ತಕ್ಕೆ ಸಂದರ್ಶನ ಇರುವವರಿಗೆ ಐದು ನಿಮಿಷ ಅಂದರೆ ಏನೆಂದು ಗೊತ್ತು.

ನಕ್ಷೆಯಲ್ಲಿ ಕಾಣದ್ದು

ಕೊರತೆಗಳೂ ಇವೆ. ನಿಲ್ದಾಣ ರಸ್ತೆಯ ಮಧ್ಯೆ ಇರುವುದರಿಂದ ಪ್ರತಿ ಪ್ರಯಾಣಿಕನೂ ಅರ್ಧ ರಸ್ತೆ ದಾಟಲೇಬೇಕು. ಲಗೇಜ್ ಹಿಡಿದ ಅಜ್ಜಿಯೊಬ್ಬರು ದಾಟಲಾಗದಿದ್ದರೆ ಒಳಗಿನ ಎಸಿ ಎಷ್ಟು ತಂಪಿದ್ದರೂ ಅಷ್ಟೇ. ಮಳೆ ಜೋರಾದರೆ ಧಾರವಾಡದ ಟೋಲ್ ನಾಕಾ ಬಳಿ ನೀರು ನಿಲ್ಲುತ್ತದೆ. ಎಸಿ ಬಸ್ ಆದ್ದರಿಂದ ‘ಶಕ್ತಿ’ ಯೋಜನೆಯ ಉಚಿತ ಪ್ರಯಾಣ ಇಲ್ಲಿಲ್ಲ. ನನ್ನ ತರಗತಿಯ ಕೆಲವು ಹುಡುಗಿಯರು ದುಡ್ಡು ಉಳಿಸಲು ಸಾದಾ ಬಸ್ ಹತ್ತಿ, ಬೈಕುಗಳ ಜೊತೆ ಅದೇ ಜಾಮ್‌ನಲ್ಲಿ ನಿಲ್ಲುತ್ತಾರೆ. ವೇಗದ ದಾರಿ ನಮಗೆ, ನಿಧಾನದ ದಾರಿ ಅವರಿಗೆ ಎಂಬುದು ಯಾವ ನ್ಯಾಯ?

ಹಾಗಾಗಿ ‘ಲೇನ್ ತೆರೆಯಬೇಕೋ ಬೇಡವೋ’ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಎಷ್ಟು ನಿಮಿಷಕ್ಕೊಂದು ಬಸ್? ಕೆಟ್ಟು ನಿಂತ ಬಸ್ಸಿನ ಜಾಗಕ್ಕೆ ಹೊಸದು ಯಾವಾಗ? ಸಾದಾ ಬಸ್ಸಿನ ವಿದ್ಯಾರ್ಥಿನಿಗೂ ಆ ಪಥದಲ್ಲಿ ಜಾಗ ಸಿಗುವುದು ಹೇಗೆ? ಇವಕ್ಕೆ ಉತ್ತರ ಸಿಗದೆ ಬಸ್ಸುಗಳು ಕಡಿಮೆಯಾಗುತ್ತಾ ಹೋದರೆ, ಒಂದು ದಿನ ಆ ರಸ್ತೆ ನಿಜವಾಗಿಯೂ ಖಾಲಿಯಾಗುತ್ತದೆ. ಆಗ ಅದನ್ನು ಉಳಿಸಲು ಯಾವ ಲೆಕ್ಕವೂ ನೆರವಿಗೆ ಬರುವುದಿಲ್ಲ.