ಸಹ್ಯಾದ್ರಿಯ ಇನ್ನೊಂದು ಮಗ್ಗುಲು

ಕರಾವಳಿಯಿಂದ ಆಗುಂಬೆಯ ಘಾಟಿಯನ್ನು ಹತ್ತಿ ಬಂದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಸೋಮೇಶ್ವರವನ್ನು ಬಿಟ್ಟ ಮೇಲೆ ಬಸ್ಸು ತಿರುವಿನ ಮೇಲೆ ತಿರುವನ್ನು ಸುತ್ತುತ್ತ, ಏದುಸಿರು ಬಿಡುತ್ತ ಮೇಲೇರುತ್ತದೆ. ಆಗುಂಬೆ ಬಂದಿತು, ಇನ್ನು ಹತ್ತಿದ ಬೆಟ್ಟವನ್ನು ಇಳಿಯಬೇಕಲ್ಲವೆ? ಆದರೆ ಅಂಥ ಇಳಿಜಾರು ಬರುವುದೇ ಇಲ್ಲ. ತೀರ್ಥಹಳ್ಳಿಯನ್ನು ದಾಟಿ ಶಿವಮೊಗ್ಗೆಯನ್ನು ಸೇರಿದರೂ ನಾವು ಮೇಲೆಯೇ ಇರುತ್ತೇವೆ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಶಿವಮೊಗ್ಗೆ ಸುಮಾರು 570 ಮೀಟರ್ ಎತ್ತರದಲ್ಲಿದೆ. ಹಾಗಾದರೆ ಈ ಬೆಟ್ಟದ ಇನ್ನೊಂದು ಮಗ್ಗುಲು ಎಲ್ಲಿ ಹೋಯಿತು?

ಈ ಪ್ರಶ್ನೆಗೆ ಉತ್ತರ ದೊರೆತರೆ ಸಹ್ಯಾದ್ರಿಯ ಭೂಗೋಳದ ಬಹುಭಾಗ ತಿಳಿದಂತೆಯೇ ಸರಿ. ಹಿಮಾಲಯವು ಎರಡು ಭೂಖಂಡಗಳು ಒಂದನ್ನೊಂದು ಒತ್ತಿದಾಗ ನೆಲ ಮಡಿಕೆಬಿದ್ದು ಎದ್ದ ಪರ್ವತ. ಸಹ್ಯಾದ್ರಿ ಹಾಗಲ್ಲ, ಅದು ಪ್ರಸ್ಥಭೂಮಿಯೊಂದರ ಒಡೆದ ಅಂಚು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್, ಅನಂತರ ಸೇಷೆಲ್ಸ್, ನಮ್ಮ ಭೂಭಾಗದಿಂದ ಬೇರ್ಪಟ್ಟವು. ಆಗ ಪಶ್ಚಿಮದ ಅಂಚು ಬಿರಿದು ಮೇಲೆದ್ದಿತು. ಹಿಂದಿನ ನೆಲವೆಲ್ಲ ಪೂರ್ವಕ್ಕೆ ವಾಲಿಕೊಂಡಿತು. ಅಂದಿನಿಂದ ಮಳೆಯ ನೀರು ಆ ಅಂಚನ್ನು ಕೊರೆಯುತ್ತ, ಹಿಂದಕ್ಕೆ ಸರಿಸುತ್ತ ಬಂದಿದೆ. ಹಾಗೆ ಬಿಟ್ಟುಹೋದ ಕಿರಿದಾದ ನೆಲವೇ ನಮ್ಮ ಕರಾವಳಿ. ಕಡಲ ಕಡೆಯಿಂದ ಗೋಡೆಯಂತೆ ಕಾಣುವ ಸಹ್ಯಾದ್ರಿ, ಬಯಲುಸೀಮೆಯ ಕಡೆಯಿಂದ ಬರಿಯ ಗುಡ್ಡಗಳ ಸಾಲಾಗಿ ಕಾಣುವುದಕ್ಕೆ ಇದೇ ಕಾರಣ. ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎನ್ನುವ ನಮ್ಮ ಜನ ‘ಘಟ್ಟದ ಆಚೆ ಇಳಿದು’ ಎನ್ನುವುದು ಅಪರೂಪ. ಭೂವಿಜ್ಞಾನಿಗಳು ವಿವರಿಸುವ ಮೊದಲೇ ಮಾತು ಈ ನಿಜವನ್ನು ಹಿಡಿದಿಟ್ಟುಕೊಂಡಿದೆ.

ತಾಪಿ ನದಿಯ ದಕ್ಷಿಣದಿಂದ ಕನ್ಯಾಕುಮಾರಿಯ ಸಮೀಪದವರೆಗೆ ಈ ಶ್ರೇಣಿಯ ಉದ್ದ ಸುಮಾರು 1,600 ಕಿಲೋಮೀಟರ್. ಉತ್ತರದಲ್ಲಿ, ಮಹಾರಾಷ್ಟ್ರದುದ್ದಕ್ಕೂ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸದ ಕಪ್ಪು ಶಿಲೆ ಪದರ ಪದರವಾಗಿ ಹರಡಿದೆ. ಆದುದರಿಂದ ಅಲ್ಲಿನ ಬೆಟ್ಟಗಳು ಮೆಟ್ಟಿಲು ಕಡಿದಂತೆ ತೋರುತ್ತವೆ. ದಕ್ಷಿಣಕ್ಕೆ ಬಂದಂತೆ ಅದಕ್ಕಿಂತಲೂ ಬಹಳ ಪುರಾತನವಾದ ಶಿಲೆಗಳು ಕಾಣಿಸುತ್ತವೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ನೀಲಗಿರಿಯ ದಕ್ಷಿಣಕ್ಕೆ ಪಾಲಕ್ಕಾಡು ಕಣಿವೆಯಲ್ಲಿ ಗೋಡೆ ಒಮ್ಮೆಲೆ ತಗ್ಗಿ, ಮತ್ತೆ ಮೇಲೆದ್ದು, ಕೇರಳದ ಆನೆಮುಡಿಯಲ್ಲಿ 2,695 ಮೀಟರ್ ಮುಟ್ಟುತ್ತದೆ. ಇದೇ ಇಡೀ ಶ್ರೇಣಿಯ ತುತ್ತತುದಿ.

ಇನ್ನು ಮಳೆಯ ಮಾತು. ಮುಂಗಾರಿನ ಗಾಳಿ ಅರಬ್ಬೀ ಸಮುದ್ರದಿಂದ ತೇವವನ್ನು ಹೊತ್ತು ಬಂದು ಈ ಗೋಡೆಗೆ ತಾಗುತ್ತದೆ. ಮೇಲೇರಿದ ಗಾಳಿ ತಣಿಯುತ್ತದೆ. ತಣಿದ ಗಾಳಿ ತೇವವನ್ನು ಹಿಡಿದಿಡಲಾರದೆ ಮಳೆಗರೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಘಟ್ಟವನ್ನು ದಾಟಿದ ಗಾಳಿಯಾದರೋ ಒಣಗಿರುತ್ತದೆ. ಅಲ್ಲಿಂದ ಇನ್ನೂರು ಕಿಲೋಮೀಟರಿನೊಳಗೆ ಇರುವ ಚಳ್ಳಕೆರೆಗೆ ದೊರೆಯುವುದು 500 ಮಿಲಿಮೀಟರಿನ ಆಸುಪಾಸು ಮಾತ್ರ.

ಹಾಗೆಂದು ಬಯಲುಸೀಮೆಯನ್ನು ಸಹ್ಯಾದ್ರಿ ಕೈಬಿಟ್ಟಿತೆಂದು ತಿಳಿಯಬಾರದು. ನೆಲ ಪೂರ್ವಕ್ಕೆ ವಾಲಿದುದರ ಫಲವನ್ನು ಇಲ್ಲಿ ಕಾಣಬಹುದು. ಗೋದಾವರಿಯು ತ್ರ್ಯಂಬಕದಲ್ಲಿ, ಅರಬ್ಬೀ ಸಮುದ್ರಕ್ಕೆ ಕೇವಲ 80 ಕಿಲೋಮೀಟರಿನಷ್ಟು ಹತ್ತಿರ ಹುಟ್ಟುತ್ತದೆ. ಆದರೆ ಆ ಕಡಲಿಗೆ ಬೆನ್ನುಹಾಕಿ 1,465 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಮಹಾಬಲೇಶ್ವರದ ಕೃಷ್ಣೆ, ಗಂಗಾಮೂಲದ ತುಂಗಾ ಭದ್ರೆಯರು, ತಲಕಾವೇರಿಯ ಕಾವೇರಿ, ಎಲ್ಲರದೂ ಇದೇ ದಾರಿ. ಪಶ್ಚಿಮಕ್ಕೆ ಧುಮುಕುವ ನದಿಗಳು ಚಿಕ್ಕವು, ಆದರೆ ರಭಸದವು. ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಜೋಗದಲ್ಲಿ 253 ಮೀಟರ್ ಕೆಳಕ್ಕೆ ಬಿದ್ದು ಹೊನ್ನಾವರದ ಬಳಿ ಕಡಲನ್ನು ಸೇರುತ್ತದೆ.

ಆಕಾಶದಲ್ಲಿ ತಡೆದ ನೀರನ್ನು ನೆಲದ ಮೇಲೆ ಹಿಂದಿರುಗಿಸುವ ಗೋಡೆಯಿದು. ಆದರೆ ನಾಲ್ಕು ತಿಂಗಳಲ್ಲಿ ಸುರಿಯುವ ಮಳೆ ಹನ್ನೆರಡು ತಿಂಗಳ ಹೊಳೆಯಾಗುವುದು ಹೇಗೆ? ಕಾಡಿನ ತರಗೆಲೆ, ಬೇರು, ಸಡಿಲ ಮಣ್ಣು ನೀರನ್ನು ಹೀರಿಟ್ಟುಕೊಂಡು, ಬೇಸಗೆಯಲ್ಲಿ ಒರತೆಯಾಗಿ ಬಿಡುವುದರಿಂದ. ಕಾಡು ಹೋದರೆ ಮಳೆನೀರು ಮಣ್ಣನ್ನೂ ಕೊಚ್ಚಿಕೊಂಡು ಒಮ್ಮೆಗೇ ಓಡಿಹೋಗುತ್ತದೆ. ಕಡಿದಾದ ಇಳಿಜಾರಿನ ಬುಡವನ್ನು ರಸ್ತೆಗೋ ಮನೆಗೋ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ನೀರು ಕುಡಿದು ಭಾರವಾದ ಗುಡ್ಡ ಜಾರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಮತ್ತು ಕೇರಳದ ವಯನಾಡಿನಲ್ಲಿ ಗುಡ್ಡಗಳು ಕುಸಿದು ಜನ ಪ್ರಾಣ ತೆತ್ತರು. ವಯನಾಡಿನಲ್ಲಂತೂ ಸತ್ತವರು ಇನ್ನೂರಕ್ಕೂ ಹೆಚ್ಚು. ಅತಿವೃಷ್ಟಿ ಕಾರಣವೆಂಬುದು ನಿಜ. ಆದರೆ ಮಳೆಯನ್ನು ತಾಳುವ ಶಕ್ತಿಯನ್ನು ಇಳಿಜಾರುಗಳಿಂದ ಕಸಿದುಕೊಳ್ಳುವುದು ಮನುಷ್ಯನ ಕೈವಾಡ.

2012ರಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವ ದೊಡ್ಡದೇ. ಆದರೆ ಸಹ್ಯಾದ್ರಿಯನ್ನು ಉಳಿಸಿಕೊಳ್ಳಲು ನಮಗೆ ಅಷ್ಟು ದೂರದ ಕಾರಣ ಬೇಕಿಲ್ಲ. ಬೆಂಗಳೂರಿನವರು ಕುಡಿಯುವ ಕಾವೇರಿಯ ನೀರು ಕೊಡಗಿನ ಮಳೆಯ ಋಣ. ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯದ ನೀರು ಮಲೆನಾಡಿನ ಋಣ.

ಮೊದಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಸಹ್ಯಾದ್ರಿಯ ಇನ್ನೊಂದು ಮಗ್ಗುಲು ಎಲ್ಲಿಯೂ ಹೋಗಿಲ್ಲ. ಆಗುಂಬೆಯಿಂದ ಬಂಗಾಳ ಕೊಲ್ಲಿಯತ್ತ ನಿಧಾನವಾಗಿ ಇಳಿಯುತ್ತ ಹೋಗುವ ಈ ನೆಲವೇ ಆ ಮಗ್ಗುಲು. ಬೆಟ್ಟವನ್ನೇ ಕಾಣದ ಬಯಲಿನ ರೈತನೂ ಸಹ್ಯಾದ್ರಿಯ ಮೇಲೆಯೇ ಬಾಳುತ್ತಿದ್ದಾನೆ.